ಆಮೆನ್ ಅಕ್ಕ ಸುಮ್ಮನೆ ಕೂತದ್ದು

ಹೆತ್ತವರು ಇಟ್ಟ ಹೆಸರು ಅವಳಿಗೂ ಒಂದಿತ್ತು. ಆದರೆ ಚರ್ಚಿನ ಸಭೆಯಲ್ಲಿ ಯಾರನ್ನು ಕೇಳಿದರೂ ಅದು ನೆನಪಿಗೆ ಬರುತ್ತಿರಲಿಲ್ಲ. ಎಲ್ಲರಿಗೂ ಅವಳು ಆಮೆನ್ ಅಕ್ಕ. ಭಾನುವಾರ ಪಾದ್ರಿ ಅಯ್ಯನವರು ಪ್ರಸಂಗ ಮುಗಿಸಿ, ಕಣ್ಣು ಮುಚ್ಚಿ ಕೊನೆಯ ಪ್ರಾರ್ಥನೆಗೆ ತೊಡಗುತ್ತಿದ್ದರು. ಅವರ ಪ್ರಾರ್ಥನೆ ಇನ್ನೂ ರೋಗಿಗಳ ಹತ್ತಿರ ಇದ್ದಾಗಲೇ, ವಿಧವೆಯರೂ ಪ್ರಯಾಣಿಕರೂ ಬಾಕಿ ಇದ್ದಾಗಲೇ, ಮುಂದಿನ ಬೆಂಚಿನಿಂದ ‘ಆಮೆನ್’ ಎಂದು ಗಟ್ಟಿ ದನಿ ಏಳುತ್ತಿತ್ತು. ಪ್ರಾರ್ಥನೆ ಮುಗಿಯಿತೆಂದು ಜನ ಕಣ್ಣು ಬಿಟ್ಟು ಚೀಲ ಎತ್ತಿಕೊಳ್ಳುತ್ತಿದ್ದರು. ಪ್ರಯಾಣಿಕರನ್ನು ಆ ವಾರ ದೇವರೇ ನೋಡಿಕೊಳ್ಳಬೇಕಾಗುತ್ತಿತ್ತು.

ಕೆಟ್ಟವಳಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಯಾರ ಮನೆಯಲ್ಲಿ ಕಷ್ಟ ಎಂದರೂ ಮೊದಲು ಓಡುವವಳು ಅವಳೇ. ಓಡಿಹೋಗಿ ಮಾಡುತ್ತಿದ್ದುದೇನು ಎಂಬುದು ಬೇರೆ ಮಾತು. ಹೊಟ್ಟೆನೋವು ಎಂದವರಿಗೆ ನೋವು ಬಲಗಡೆಯೋ ಎಡಗಡೆಯೋ ಎಂದು ಹೇಳುವ ಪುರುಸೊತ್ತು ಸಿಗುತ್ತಿರಲಿಲ್ಲ. ಅಷ್ಟರಲ್ಲಿ ಅವರ ಎರಡೂ ಕೈ ಇವಳ ಕೈಯಲ್ಲಿ ಇರುತ್ತಿದ್ದವು, ಇವಳ ಕಣ್ಣು ಮುಚ್ಚಿರುತ್ತಿತ್ತು, ಕರ್ತನನ್ನು ಕರೆದಾಗಿರುತ್ತಿತ್ತು. ಪ್ರಾರ್ಥನೆ ನಡೆಯುವಾಗ ಮಧ್ಯೆ ಮಾತಾಡುವುದುಂಟೆ? ಹೇಳಬೇಕೆಂದವರು ಹೇಳಬೇಕಾದದ್ದನ್ನು ನುಂಗಿಕೊಂಡು ತಲೆ ಬಗ್ಗಿಸುತ್ತಿದ್ದರು. ಆಮೆನ್ ಆದಮೇಲೆ ಮತ್ತೆ ಶುರು ಮಾಡಿದರೆ ದೇವರ ಮೇಲೆ ನಂಬಿಕೆಯಿಲ್ಲ ಎಂದಂತಾಗುತ್ತಿತ್ತು.

ಈ ಚಾಳಿ ಅವಳಿಗೆ ಕೆಲಸದಿಂದ ಅಂಟಿಕೊಂಡದ್ದು ಎನ್ನುವವರಿದ್ದರು. ಅವಳು ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗದವಳು. ಅಲ್ಲಿ ಗೋಡೆಗೆ ಸಾಲಾಗಿ ನಿಂತ ಯಂತ್ರಗಳು ಬೆಳಗಿನಿಂದ ಸಂಜೆಯವರೆಗೆ ಗುಡುಗುತ್ತಿದ್ದವು. ಹಬೆಯಲ್ಲಿ ಎದುರಿಗಿದ್ದವರ ಮುಖವೂ ಮಸುಕು. ಪೂರ್ತಿ ಮಾತು ಕೇಳಿಸಿಕೊಳ್ಳುತ್ತೇನೆಂದು ನಿಂತವರ ಕೆಲಸ ಅಲ್ಲಿ ಸಾಗುವುದಿಲ್ಲ. ಎದುರಿನವಳು ಬಾಯಿ ತೆರೆದರೆ ಸಾಕು, ಉಳಿದದ್ದನ್ನು ತಾನೇ ತುಂಬಿಕೊಂಡು ‘ಆಯ್ತಾಯ್ತು’ ಎಂದು ತಲೆಯಾಡಿಸಬೇಕು. ಹಾಗೆ ತುಂಬಿಕೊಳ್ಳುವುದರಲ್ಲಿ ಆಮೆನ್ ಅಕ್ಕನನ್ನು ಮೀರಿಸುವವರಿರಲಿಲ್ಲ. ಮನೆಗೆ ಬಂದರೂ ಕಿವಿಯಲ್ಲಿ ಯಂತ್ರ ತಿರುಗುತ್ತಲೇ ಇರುತ್ತಿತ್ತೋ ಏನೋ.

ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಇದ್ದವನು ಒಬ್ಬ ಮಗ. ಮದುವೆಯ ವಯಸ್ಸು ದಾಟುತ್ತಿದ್ದರೂ ಅಮ್ಮನ ಜೊತೆಗೇ ಇದ್ದ, ಮಿತಭಾಷಿ. ಅವಳ ಹೊಟ್ಟೆಯಲ್ಲಿ ಹುಟ್ಟಿದವನಿಗೆ ಮಾತಾಡಲು ಜಾಗವಾದರೂ ಎಲ್ಲಿತ್ತು ಎಂದು ಸಭೆಯವರು ನಗುತ್ತಿದ್ದರು. ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುವುದು ಅವನ ಕೆಲಸ. ಅವನಿಗೆ ಆ ಕೆಲಸ ಕಲಿಸಿದವನು ಒಬ್ಬ ಹಿರಿಯ ಜೊತೆಗಾರ. ಇಬ್ಬರೂ ಯಾವಾಗಲೂ ಜೋಡಿ. ಮಗ ಅವನನ್ನು ಅಣ್ಣ ಎನ್ನುತ್ತಿದ್ದ, ಅವನ ಹೆಂಡತಿಯನ್ನು ಅತ್ತಿಗೆ ಎನ್ನುತ್ತಿದ್ದ. ಅಮ್ಮನ ಮನೆಯಲ್ಲಿ ಆಡದ ಮಾತನ್ನೆಲ್ಲ ಆ ಮನೆಯಲ್ಲಿ ಆಡುತ್ತಿದ್ದನಂತೆ.

ಆ ಜೊತೆಗಾರ ಸತ್ತ. ಒಂದು ಕಟ್ಟಡದಲ್ಲಿ ಅವನು ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ಇಳಿದು ಕೆಲಸ ಮಾಡುತ್ತಿದ್ದ, ಮಗ ತಾರಸಿಯ ಮೇಲಿನ ಕೋಣೆಯಲ್ಲಿ ಮುಖ್ಯ ಸ್ವಿಚ್ಚಿನ ಹತ್ತಿರ ಇದ್ದ. ಲಿಫ್ಟ್ ಕೆಳಗಿಳಿಯಿತು. ಕಂಪನಿಯವರು ಬಂದು ಮಗನನ್ನು ಕೇಳಿದರು, ‘ಸ್ವಿಚ್ ಹಾಕೋ ಮುಂಚೆ ಕೂಗಿದೆಯಾ?’ ಮಗ ಹೇಳಿದ, ‘ಕೂಗಿದೆ.’ ಅವರಿಗೆ ಅಷ್ಟು ಸಾಕಾಗಿತ್ತು. ಕೂಗಿದ ಮೇಲೂ ಹೊರಗೆ ಬರಲಿಲ್ಲವೆಂದರೆ ಸತ್ತವನದೇ ಅಜಾಗರೂಕತೆ ಎಂದು ತೀರ್ಮಾನವಾಯಿತು. ಸತ್ತವನು ಬಂದು ಅಲ್ಲ ಎನ್ನುವ ಹಾಗಿರಲಿಲ್ಲ.

ಮಣ್ಣಾದ ಕೆಲವು ದಿನಕ್ಕೆ ಆಮೆನ್ ಅಕ್ಕ ಮಗನನ್ನು ಕರೆದುಕೊಂಡು ಆ ಮನೆಗೆ ಹೋದಳು. ಮೂರನೆಯ ಮಹಡಿಯ ಒಂದೇ ಕೋಣೆ. ಜೊತೆಗಾರನ ಹೆಂಡತಿ ಹೊಲಿಗೆ ಮಾಡುವವಳು. ಕಿಟಕಿಯ ಬಳಿ ಯಂತ್ರ, ಅದರ ಸೂಜಿಯ ಕೆಳಗೆ ಅರ್ಧ ಹೊಲಿದ ತೋಳು ಹಾಗೇ ಸಿಕ್ಕಿಕೊಂಡಿತ್ತು. ಅವಳು ಅಳುತ್ತಿರಲಿಲ್ಲ. ಇವರನ್ನು ಕೂರಿಸಿ, ಏನೋ ಬಹಳ ಹೊತ್ತು ಯೋಚಿಸಿದ್ದವಳಂತೆ ಬಾಯಿ ತೆರೆದಳು. ‘ಅಕ್ಕ, ಎಲ್ಲರೂ ಒಂದೇ ಹೇಳ್ತಿದ್ದಾರೆ. ಆದರೆ ನಮ್ಮನೆಯವರು ಯಾವತ್ತೂ…’

ಆಮೆನ್ ಅಕ್ಕ ಉಳಿದದ್ದನ್ನು ತುಂಬಿಕೊಂಡಳು. ಪಾಪ, ನಮ್ಮನೆಯವರು ಯಾವತ್ತೂ ಬರೋದಿಲ್ಲವಲ್ಲ ಅಂತಾಳೆ. ಅವಳ ಕೈ ಹಿಡಿದು ಕಣ್ಣು ಮುಚ್ಚಿಯೇಬಿಟ್ಟಳು. ‘ಕರ್ತನೇ, ಈ ಮಗಳಿಗೆ ಸಮಾಧಾನ ಕೊಡಪ್ಪಾ. ಇವಳ ಗಂಡ ಎಚ್ಚರ ತಪ್ಪಿ ಮಾಡ್ಕೊಂಡ ತಪ್ಪನ್ನ ಕ್ಷಮಿಸಪ್ಪಾ. ಅವನ ಅಜಾಗರೂಕತೆಯನ್ನ ಮನಸ್ಸಿಗೆ ತಂದ್ಕೋಬೇಡ ತಂದೆಯೇ. ನನ್ನ ಮಗನನ್ನ ಉಳಿಸಿಕೊಟ್ಟೆಯಲ್ಲ, ಅದಕ್ಕೆ ಸ್ತೋತ್ರ, ಸ್ತೋತ್ರ. ಆಮೆನ್.’

ಇನ್ಯಾರೂ ಆಮೆನ್ ಅನ್ನಲಿಲ್ಲ. ಕಣ್ಣು ಬಿಟ್ಟಾಗ ಹೊಲಿಗೆಯವಳು ತನ್ನ ಕೈ ಬಿಡಿಸಿಕೊಂಡಿದ್ದಳು. ಬಾಗಿಲ ಬಳಿ ನಿಂತಿದ್ದ ಮಗ ಅಲ್ಲಿರಲಿಲ್ಲ. ಮೆಟ್ಟಿಲಲ್ಲಿ ಅವನ ಬೂಟಿನ ಸದ್ದು ಕೆಳಗಿಳಿಯುತ್ತಿತ್ತು. ಗಂಡಸು ಹುಡುಗ, ದುಃಖ ತೋರಿಸಿಕೊಳ್ಳೋದಿಲ್ಲ ಎಂದು ಆಮೆನ್ ಅಕ್ಕ ಅದನ್ನೂ ತುಂಬಿಕೊಂಡಳು.

ಅಂದಿನಿಂದ ಮಗ ಕೆಲಸಕ್ಕೆ ಹೋಗಲಿಲ್ಲ. ಮಂಚದ ಅಂಚಿನಲ್ಲಿ ಕೂತರೆ ಕೂತೇ ಇರುತ್ತಿದ್ದ. ತಟ್ಟೆ ಮುಂದಿಟ್ಟರೆ ಆರುತ್ತಿತ್ತು. ಮೊದಮೊದಲು ಅವನು ಮಾತಾಡಲು ನೋಡಿದ, ಅದು ನಿಜ. ‘ಅಮ್ಮ, ಅವತ್ತು ನಾನು ಮೇಲೆ ಇದ್ದಾಗ…’ ಎಂದ ಒಂದು ಬೆಳಿಗ್ಗೆ. ‘ಅದನ್ನೆಲ್ಲ ನೆನೆಸ್ಕೋಬೇಡ ಮಗನೇ. ನಿಂದೇನೂ ತಪ್ಪಿಲ್ಲ ಅಂತ ಕಂಪನಿಯವರೇ ಹೇಳಿದ್ದಾರೆ. ಬಾ, ಪ್ರಾರ್ಥನೆ ಮಾಡೋಣ,’ ಎಂದಳು. ಇನ್ನೊಮ್ಮೆ, ‘ಅಮ್ಮ, ನನ್ನಿಂದಾನೇ…’ ಎಂದ. ಅವಳು ಆ ಮಾತು ನೆಲಕ್ಕೆ ಬೀಳುವ ಮೊದಲೇ ಎತ್ತಿ ದೇವರ ಕೈಗೆ ಕೊಟ್ಟುಬಿಟ್ಟಳು. ಆಮೇಲೆ ಅವನು ತುಟಿ ಎರಡು ಮಾಡಲಿಲ್ಲ.

ಸುಮ್ಮನಿರುವ ಮಗನನ್ನು ಕಂಡು ಅವಳ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಬೆಂಕಿ ಬಿದ್ದವಳು ಏನು ಮಾಡಿಯಾಳು? ತನಗೆ ಗೊತ್ತಿದ್ದದ್ದನ್ನೇ ಇನ್ನಷ್ಟು ಜೋರಾಗಿ ಮಾಡಿದಳು. ಉಪವಾಸ ಹಿಡಿದಳು. ಸಭೆಯ ಹೆಂಗಸರನ್ನೆಲ್ಲ ಮನೆಗೆ ಕರೆದಳು. ಅವರು ಅವನ ಮಂಚದ ಸುತ್ತ ನಿಂತು, ತಲೆಯ ಮೇಲೆ ಕೈಯಿಟ್ಟು, ಒಬ್ಬರ ದನಿಗಿಂತ ಒಬ್ಬರ ದನಿ ಮೇಲೆ ಎಂಬಂತೆ ಪ್ರಾರ್ಥಿಸಿದರು. ಅವನು ಎದ್ದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ. ಅವರು ಬಚ್ಚಲ ಬಾಗಿಲಿಗೇ ಪ್ರಾರ್ಥನೆ ಮುಂದುವರಿಸಿದರು.

ಮರುದಿನ ಅವನು ತನ್ನ ಸ್ಪ್ಯಾನರು, ಸ್ಕ್ರೂಡ್ರೈವರುಗಳ ಚೀಲವನ್ನು ಪಕ್ಕದ ಮನೆಯವನಿಗೆ ಕೊಟ್ಟು ಬಂದ. ಯಾಕೋ ಎಂದರೆ, ‘ಇನ್ನು ಬೇಡ’ ಎಂದ. ಸ್ವಲ್ಪ ಹೊತ್ತಿನ ಮೇಲೆ, ಅವಳು ಕೆಲಸಕ್ಕೆ ಹೊರಡುವಾಗ, ನೆಲ ನೋಡುತ್ತಲೇ ಕೇಳಿದ. ‘ನಾನಿಲ್ಲದಿದ್ರೆ ನೀನು ಚಿಕ್ಕಮ್ಮನ ಮನೇಲಿ ಇರ್ತೀಯಲ್ವಾ ಅಮ್ಮ?’

‘ಸ್ತೋತ್ರ, ಸ್ತೋತ್ರ. ಅದೆಲ್ಲ ಸೈತಾನ ಆಡಿಸೋ ಮಾತು. ಬಾಯಿಗೆ ತರಬೇಡ,’ ಎಂದು ಅವನ ತಲೆ ಹಿಡಿದು ಅವಸರದಲ್ಲಿ ಪ್ರಾರ್ಥಿಸಿ, ಆಮೆನ್ ಎಂದು ಮೆಟ್ಟಿಲಿಳಿದಳು. ಬಸ್ಸಿನಲ್ಲಿ ಕೂತ ಮೇಲೆ ಆ ಮಾತಿನ ಅರ್ಥ ಒಳಗಿಳಿಯಿತು. ಮುಂದಿನ ನಿಲ್ದಾಣದಲ್ಲೇ ಇಳಿದು ಓಡುತ್ತ ವಾಪಸು ಬಂದಳು. ಅವನು ಮಂಚದ ಅಂಚಿನಲ್ಲೇ ಇದ್ದ. ಅವಳು ಮಾತಾಡದೆ ಅಡುಗೆಮನೆಯ ಚಾಕು, ಕತ್ತರಿ, ಗೂಡಿನಲ್ಲಿದ್ದ ಮಾತ್ರೆ, ಸೊಳ್ಳೆಗೆ ಹೊಡೆಯುವ ಔಷಧಿ, ಎಲ್ಲವನ್ನೂ ತನ್ನ ಚೀಲಕ್ಕೆ ತುಂಬಿಕೊಂಡಳು. ಪಕ್ಕದ ಮನೆಯವನನ್ನು ಕರೆದು ಮಗನ ಜೊತೆ ಕೂರಿಸಿ, ಚೀಲ ಎದೆಗವಚಿಕೊಂಡು ಅಯ್ಯನವರ ಮನೆಗೆ ನಡೆದಳು.

ಅಯ್ಯನವರು ವಯಸ್ಸಾದವರು, ಮಂಡಿನೋವಿನವರು. ಅವಳನ್ನು ಕಂಡು ಅವರ ಮುಖದಲ್ಲಿ ಸುಳಿದದ್ದು ಸಂತೋಷವಲ್ಲ. ಅವಳು ಹೇಳಿದಳು, ಒಂದೇ ಉಸಿರಿಗೆ ಎಲ್ಲ ಹೇಳಿದಳು. ಅವರು ಮಧ್ಯೆ ಬಾಯಿ ಹಾಕಲಿಲ್ಲ. ಮುಗಿದ ಮೇಲೂ ಏನೂ ಅನ್ನಲಿಲ್ಲ. ಅವರು ಸುಮ್ಮನಿದ್ದುದಕ್ಕೆ ಅವಳು ಇನ್ನಷ್ಟು ಹೇಳಿದಳು. ಮಗ ಬಾಯಿ ತೆರೆದಾಗಲೆಲ್ಲ ತಾನು ಪ್ರಾರ್ಥನೆಗೆ ತೊಡಗಿದ್ದನ್ನೂ, ಹೇಳಬಾರದೆಂದುಕೊಂಡದ್ದನ್ನೂ ಹೇಳಿದಳು. ಕೊನೆಗೆ ಚೀಲ ತೆರೆದು ಚಾಕು ತೋರಿಸಿದಳು.

‘ಅಯ್ಯನವರೇ, ಪ್ರಾರ್ಥನೆ ಮಾಡಿ.’

‘ಮಾಡ್ತೀನಿ. ಡಾಕ್ಟರ ಹತ್ರಾನೂ ಕರ್ಕೊಂಡು ಹೋಗೋಣ, ನಾಳೇನೇ, ನಾನೂ ಬರ್ತೀನಿ. ಆದರೆ ಒಂದು ಕೇಳ್ತೀನಮ್ಮ, ಬೇಜಾರು ಮಾಡ್ಕೋಬೇಡ. ಅವನು ಏನು ಹೇಳೋಕೆ ಹೊರಟಿದ್ದ?’

‘ಅದೇ, ಅಣ್ಣ ಸತ್ತುಹೋದ ಅಂತ ದುಃಖ…’

‘ಅವನು ಹಾಗಂದ್ನಾ?’

ಆಮೆನ್ ಅಕ್ಕ ಬಾಯಿ ತೆರೆದಳು. ಮುಚ್ಚಿ, ಚಾಕುವನ್ನು ಮತ್ತೆ ಚೀಲಕ್ಕೆ ಹಾಕಿದಳು.

‘ಬೈಬಲಿನಲ್ಲಿ ಒಬ್ಬ ಕುರುಡ ಬಂದು ಸ್ವಾಮಿಯ ಮುಂದೆ ನಿಂತ,’ ಎಂದರು ಅಯ್ಯನವರು ಮಂಡಿ ನೀವಿಕೊಳ್ಳುತ್ತ. ‘ಕುರುಡ ಅನ್ನೋದು ಊರಿಗೆಲ್ಲ ಕಾಣ್ತಿತ್ತು. ಆದರೂ ಸ್ವಾಮಿ, ನಿನಗೇನು ಬೇಕಪ್ಪಾ ಅಂತ ಕೇಳಿದರು. ಕೇಳಿ, ಅವನ ಬಾಯಿಂದ ಬರೋ ತನಕ ಕಾದರು. ನೀನಾಗಿದ್ರೆ ಅವನು ಬಾಯಿ ತೆರೆಯೋದರಲ್ಲಿ ಆಮೆನ್ ಅಂದಿರ್ತಿದ್ದೆ.’

ಅವಳಿಗೆ ಸಿಟ್ಟು ನೆತ್ತಿಗೇರಿತು. ಮಗ ಸಾಯುವ ಹಾಗಿದ್ದಾನೆ, ಇವರಿಗೆ ತಮಾಷೆ. ‘ನಾನು ದೇವರನ್ನ ಕರೆದದ್ದೇ ತಪ್ಪಾಯ್ತಾ?’ ಎಂದಳು.

‘ಕರೆದದ್ದು ತಪ್ಪಲ್ಲ. ಯಾರದಾದ್ರೂ ಮಾತಿಗೆ ನಿನಗೆ ಹೆದರಿಕೆ ಆದಾಗೆಲ್ಲ ಕರೀತೀಯಲ್ಲ, ಅದು ತಪ್ಪು. ಬಾಗಿಲು ಹಾಕೋಕೆ ದೇವರನ್ನ ಕರೀಬಾರದು ಕಣಮ್ಮ. ಹೋಗು, ಯಾರ ಮಾತನ್ನ ಅರ್ಧಕ್ಕೆ ಕತ್ತರಿಸಿದ್ದೀಯೋ ಅವರ ಹತ್ರ ಹೋಗಿ ಕೂತ್ಕೋ. ಅವರು ಪೂರ್ತಿ ಹೇಳಲಿ. ಅದೂ ಪ್ರಾರ್ಥನೇನೇ.’

ಮಗನ ಹತ್ತಿರ ಹೋಗುವ ಧೈರ್ಯ ಬರಲಿಲ್ಲ. ಕಾಲು ಹೊಲಿಗೆಯವಳ ಮನೆಯ ಕಡೆ ಹೋಯಿತು. ಅವಳು ಬಾಗಿಲು ತೆರೆದಳು, ಆದರೆ ಒಳಗೆ ಬಾ ಎನ್ನಲಿಲ್ಲ. ‘ಅವತ್ತು ನೀನೇನೋ ಹೇಳ್ತಿದ್ದೆ, ನಾನು ಬಿಡಲಿಲ್ಲ. ಈಗ ಹೇಳಮ್ಮ, ನಾನು ಬಾಯಿ ತೆರೆಯಲ್ಲ,’ ಎಂದಳು ಆಮೆನ್ ಅಕ್ಕ. ಹೊಲಿಗೆಯವಳು ಅವಳನ್ನು ಮೇಲಿನಿಂದ ಕೆಳಗೆ ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

‘ನಮ್ಮನೆಯವರು ಯಾವತ್ತೂ ಎಚ್ಚರ ತಪ್ಪೋರಲ್ಲ,’ ಎಂದಳು ಅವಳು ಯಂತ್ರದ ಮುಂದೆ ಕೂತು. ‘ಬೀದಿ ಬಾಗಿಲು ಹಾಕಿದ್ಯಾ ಅಂತ ಮಲಗೋ ಮುಂಚೆ ಕೇಳೋರು. ಹಾಕಿದೀನಿ ಅಂದ್ರೂ ಎದ್ದು ಹೋಗಿ ನೋಡೋರು. ನಾನು ರೇಗಿಸ್ತಿದ್ದೆ. ಕೆಲಸದಲ್ಲೂ ಹಂಗೇ. ಮೇಲಿರೋನು ಕೂಗಬೇಕು, ಹೊರಗೆ ಬಂದ್ಯಾ ಅಂತ. ಕೆಳಗಿರೋನು ಗುಂಡಿಯಿಂದ ಹತ್ತಿ ಹೊರಗೆ ನಿಂತು, ಬಂದೆ ಹಾಕು ಅನ್ನಬೇಕು. ಅದು ಕೇಳಿಸಿದ ಮೇಲೇ ಸ್ವಿಚ್ಚು. ಆ ನಿಯಮ ಮಾಡಿದ್ದೇ ಅವರು. ನಿಮ್ಮ ಮಗನಿಗೂ ಅರೆದು ಕುಡಿಸಿದ್ದರು. ಕೂಗೋದು ಅರ್ಧ ಕೆಲಸ ಕಣೋ, ಕಾಯೋದು ಇನ್ನರ್ಧ ಅನ್ನೋರು. ಇಲ್ಲೇ, ಈ ನೆಲದ ಮೇಲೆ ಕೂತು ಅನ್ನೋರು.’

ಆಮೆನ್ ಅಕ್ಕ ಆ ನಿಯಮವನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು. ಕೆಳಗಿನವನು ಹಾಕು ಎನ್ನದೆ ಸ್ವಿಚ್ ಹಾಕುವಂತಿಲ್ಲ. ಸ್ವಿಚ್ಚಿನ ಹತ್ತಿರ ಇದ್ದವನು ಯಾರು? ತನ್ನ ಮಗನ ಅರ್ಧಕ್ಕೆ ನಿಂತ ಮಾತುಗಳೆಲ್ಲ ಒಂದರ ಹಿಂದೆ ಒಂದು ಎದ್ದು ನಿಂತವು. ಅವನು ಹೇಳಹೊರಟದ್ದು ದುಃಖವಲ್ಲ. ಅದು ಅವಳಿಗೆ ಮೊದಲೇ ಎಲ್ಲೋ ಒಳಗೆ ಗೊತ್ತಿತ್ತು, ಗೊತ್ತಿದ್ದುದರಿಂದಲೇ ಅಷ್ಟು ಬೇಗ ಆಮೆನ್ ಅಂದಿದ್ದಳು. ಈಗಲೂ ನಾಲಿಗೆಯ ತುದಿಗೆ ಅದೇ ಬಂತು. ಈ ಹೆಂಗಸಿನ ಕೈ ಹಿಡಿದು ಕಣ್ಣು ಮುಚ್ಚಿಬಿಟ್ಟರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಅವಳು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು.

‘ನಿಮ್ಮ ಮಗನ ಮೇಲೆ ನನಗೇನೂ ಇಲ್ಲ,’ ಎಂದಳು ಹೊಲಿಗೆಯವಳು. ‘ಒಂದು ಕೇಳಿ ಹೇಳಿ. ಅವನು ಕೂಗಿದಾಗ ಇವರು ಏನಾದ್ರೂ ಅಂದ್ರಾ? ಅಷ್ಟೇ ನನಗೆ ಬೇಕು. ಬೇರೆ ಯಾರೂ ಅದನ್ನ ಕೇಳಲೇ ಇಲ್ಲ.’

ದಾರಿಯುದ್ದಕ್ಕೂ ಅವಳು ದೇವರ ಜೊತೆ ಜಗಳವಾಡಿದಳು. ಕೇಳಿದರೆ ಮಗನ ಬಾಯಿಂದ ಅದು ಬರುತ್ತದೆ, ಬಂದರೆ ಅವನು ಜೈಲಿಗೆ ಹೋದಾನು. ಕೇಳದಿದ್ದರೆ ಅವನು ಎಲ್ಲಿಗೆ ಹೋಗುತ್ತಾನೆ ಎಂಬುದು ಚೀಲದಲ್ಲಿದ್ದ ಚಾಕುವಿಗೆ ಗೊತ್ತಿತ್ತು. ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಎಷ್ಟು ಜಗಳವಾಡಿದರೂ ದೇವರು ಮಾತಾಡಲಿಲ್ಲ. ಅವನೂ ಕೇಳಿಸಿಕೊಳ್ಳುತ್ತಿದ್ದನೋ ಏನೋ, ಅವಳಿಗಂತೂ ಅವತ್ತು ಹಾಗನ್ನಿಸಲಿಲ್ಲ. ತನ್ನನ್ನು ಒಂಟಿಯಾಗಿ ಬಿಟ್ಟನೆಂದೇ ಅನ್ನಿಸಿತು.

ಮನೆಗೆ ಬಂದು ಪಕ್ಕದವನನ್ನು ಕಳಿಸಿದಳು. ಮಧ್ಯಾಹ್ನದ ಬಿಸಿಲು. ಹಗ್ಗದ ಮೇಲೆ ಅವರದೇ ಹಾಸಿಗೆಯ ದೊಡ್ಡ ದುಪ್ಪಟಿ ಒಣಗಿ ನಿಂತಿತ್ತು. ಏನು ಮಾಡಬೇಕೆಂದು ತಿಳಿಯದೆ ಅದನ್ನೇ ಎಳೆದು ತಂದಳು. ಇಷ್ಟು ದೊಡ್ಡದನ್ನು ಒಬ್ಬರೇ ಮಡಿಸಲಾಗುವುದಿಲ್ಲ. ಆಸ್ಪತ್ರೆಯಲ್ಲೂ ಅದಕ್ಕೆ ಇಬ್ಬರು ಬೇಕು. ಮನೆಯಲ್ಲಿ ಮಗ ಚಿಕ್ಕವನಿದ್ದಾಗಿನಿಂದ ಇನ್ನೊಂದು ತುದಿ ಅವನದೇ. ಅವಳು ಹೇಳಲಿಲ್ಲ, ಕರೆಯಲಿಲ್ಲ. ಅವನು ಅಭ್ಯಾಸದಿಂದ ಎದ್ದು ಬಂದು ಎರಡು ಮೂಲೆ ಹಿಡಿದ.

ಎಳೆದು ಝಾಡಿಸಿದರು. ಅರ್ಧಕ್ಕೆ ಮಡಿಸಿದರು. ಅವನು ತನ್ನ ಮೂಲೆಗಳನ್ನು ಅವಳ ಕೈಗೆ ಕೊಡಲು ತಂದಾಗ ಇಬ್ಬರ ಮುಖಗಳೂ ಹತ್ತಿರ ಬಂದವು. ಅವನ ಗಡ್ಡ ಬೆಳೆದಿತ್ತು. ಅವಳು ಮೂಲೆ ತೆಗೆದುಕೊಳ್ಳಲಿಲ್ಲ.

‘ಅವತ್ತು ನೀನು ಕೂಗಿದಾಗ ಅಣ್ಣ ಏನಂದ?’ ಎಂದು ಕೇಳಿದಳು.

ಕೇಳಿ, ಬಾಯಿ ಮುಚ್ಚಿದಳು. ಬದುಕಿನಲ್ಲಿ ಅಷ್ಟು ಕಷ್ಟದ ಕೆಲಸ ಅವಳು ಮಾಡಿರಲಿಲ್ಲ. ಹೊರಗೆ ಯಾರೋ ಗಾಡಿ ಶುರುಮಾಡಿದರು. ನಲ್ಲಿ ತೊಟ್ಟಿಕ್ಕುತ್ತಿತ್ತು. ಮಗ ದುಪ್ಪಟಿಯ ಅಂಚನ್ನೇ ನೋಡುತ್ತಿದ್ದ.

‘ಎಲ್ಲಾ ಮಹಡಿಯಿಂದ ಜನ ಬಾಗಿಲು ಬಡೀತಿದ್ರು, ಲಿಫ್ಟ್ ಬೇಕು ಅಂತ,’ ಎಂದ ಕೊನೆಗೆ. ‘ಹೊರಗೆ ಬಂದ್ಯಾ ಅಣ್ಣ ಅಂತ ಕೂಗಿದೆ. ಅವನು ಯಾವಾಗಲೂ ಬಂದೆ ಹಾಕು ಅಂತಾನೆ. ಯಾವಾಗಲೂ ಅದೇ ಅಂತಾನೆ ಅಮ್ಮ. ಅದಕ್ಕೇ ನಾನು ಕಾಯಲಿಲ್ಲ. ಕೂಗಿದೆ, ಹಾಕಿಬಿಟ್ಟೆ. ನಾನೇ ಕೊಂದೆ.’

ಅಲ್ಲಿಗೆ ಮುಗಿಯಿತು ಎಂದುಕೊಂಡಳು. ಇಲ್ಲ ಮಗನೇ ಎನ್ನಬೇಕು, ಬಾಚಿ ತಬ್ಬಬೇಕು, ಕರ್ತನೇ ಎನ್ನಬೇಕು. ಅವಳು ಕೈಯಲ್ಲಿದ್ದ ದುಪ್ಪಟಿಯನ್ನೇ ಬಾಯಿಗೆ ತುರುಕಿಕೊಂಡು ಕಚ್ಚಿ ಹಿಡಿದಳು. ಅವಳ ಕಣ್ಣಿಂದ ನೀರು ಇಳಿಯುವುದನ್ನು ಅವನು ನೋಡಿದ. ಅವಳು ಏನೂ ಅನ್ನುತ್ತಿಲ್ಲ ಎಂಬುದನ್ನೂ ನೋಡಿದ.

‘ಉತ್ತರ ಬಂತು ಅಮ್ಮ,’ ಎಂದ ಅವನು. ‘ಸ್ವಿಚ್ ಹಾಕಿದ ಮೇಲೆ ಬಂತು. ಇನ್ನೂ ಇಲ್ಲ, ತಡಿಯೋ ಅಂದ. ನಗ್ತಾ ಅಂದ. ನಾನು ಆಫ್ ಮಾಡಿದೆ. ಅಷ್ಟರಲ್ಲಿ…’

ಆ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಿ, ಮಡಿಸಿದ ದುಪ್ಪಟಿಯ ಮೇಲೆ ಹಣೆಯಿಟ್ಟು, ಗಂಡಸರು ಅಳಬಾರದ ರೀತಿ ಅತ್ತ. ಅವಳು ಬಟ್ಟೆಯನ್ನು ಬಿಗಿಯಾಗಿ ಹಿಡಿದು ನಿಂತಳು, ಅವನ ತಲೆಯ ಭಾರವೆಲ್ಲ ಅದರ ಮೇಲಿತ್ತು.

ಅಳು ನಿಂತ ಮೇಲೆ ಅವನೇ ಕೇಳಿದ. ‘ಪ್ರಾರ್ಥನೆ ಮಾಡಲ್ವಾ?’

‘ನೀನು ಹೇಳಿ ಮುಗಿಸಿದ್ಯಾ?’

ಅವನು ಯೋಚಿಸಿದ. ‘ಇಲ್ಲ. ಅತ್ತಿಗೆಗೆ ಹೇಳಬೇಕು.’

ಬೇಡ ಎಂಬ ಮಾತು ಗಂಟಲಿಗೆ ಬಂದಿತ್ತು. ಅದನ್ನು ನುಂಗಿದ ಸದ್ದು ಅವನಿಗೂ ಕೇಳಿಸಿರಬೇಕು. ‘ನಾನೂ ಬರ್ತೀನಿ,’ ಎಂದಳು.

‘ನೀನು ಅಲ್ಲಿ ಮಾತಾಡಬಾರದು.’

‘ಇಲ್ಲ.’

ಹೊಲಿಗೆಯವಳು ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಕಿಕೊಂಡೇ ಬಾಗಿಲು ತೆರೆದಳು. ಮಗ ಕೂರಲಿಲ್ಲ. ನಿಂತೇ ಎಲ್ಲ ಹೇಳಿದ, ಅಮ್ಮನಿಗೆ ಹೇಳಿದ್ದನ್ನೇ, ಯಾವುದನ್ನೂ ಬಿಡದೆ. ‘ಇನ್ನೂ ಇಲ್ಲ, ತಡಿಯೋ ಅಂದ ಅತ್ತಿಗೆ. ಅವನದೇನೂ ತಪ್ಪಿಲ್ಲ. ಕಂಪನಿಯವರಿಗೂ ಹೋಗಿ ಹೇಳ್ತೀನಿ.’ ಆಮೆನ್ ಅಕ್ಕ ಗೋಡೆಗೊರಗಿ ನಿಂತಿದ್ದಳು. ಅವಳ ಬಾಯಿ ಮುಚ್ಚಿತ್ತು, ಕಣ್ಣು ಮುಚ್ಚಿರಲಿಲ್ಲ. ಬೇರೆಯವರ ನೋವನ್ನು ಅವಳು ಕಣ್ಣು ಬಿಟ್ಟು ನೋಡಿದ್ದು ಅದೇ ಮೊದಲು.

‘ನನಗೆ ಗೊತ್ತಿತ್ತು,’ ಎಂದಳು ಹೊಲಿಗೆಯವಳು ಬಹಳ ಮೆಲ್ಲಗೆ. ‘ಅವರು ಉತ್ತರ ಕೊಡದೆ ಇರೋರಲ್ಲ.’ ಆಮೇಲೆ ಟೇಪನ್ನು ಕೈಗೆ ಸುತ್ತುತ್ತ, ಸುತ್ತುತ್ತ, ಅವಳ ಮುಖ ಬದಲಾಯಿತು. ‘ಹೋಗಿ,’ ಎಂದಳು. ‘ಇಬ್ಬರೂ ಹೊರಗೆ ಹೋಗಿ. ನಿಮ್ಮ ಮುಖ ನೋಡೋಕೆ ಆಗಲ್ಲ ನನಗೆ.’

ಬಾಗಿಲು ಮುಚ್ಚಿತು. ಒಳಗಿಂದ ಚಿಲಕ ಬಿತ್ತು. ಆಮೇಲೆ ಏನೋ ನೆಲಕ್ಕೆ ಬಿದ್ದ ಸದ್ದು, ಅದರ ಹಿಂದೆಯೇ ಅಳು. ಇಷ್ಟು ದಿನ ಅವಳಿಗೆ ಬರದಿದ್ದ ಅಳು ಅದು. ಮಗ ಮೆಟ್ಟಿಲ ಕಟಕಟೆ ಹಿಡಿದು ನಿಂತ. ಆಮೆನ್ ಅಕ್ಕ ಅವನ ತೋಳು ಹಿಡಿದು ಎಳೆದು ಮೆಟ್ಟಿಲ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು. ಮೇಲಿನ ಮಹಡಿಯವರು ಯಾರೋ ಇಳಿದು ಬಂದು, ಇವರನ್ನು ದಾಟಿಕೊಂಡು ಹೋದರು.

‘ಹೋಗೋಣವಾ ಅಮ್ಮ?’ ಎಂದ ಮಗ.

‘ತಡಿ,’ ಎಂದಳು ಅವಳು. ‘ಅವಳು ಇನ್ನೂ ಹೇಳಿ ಮುಗಿಸಿಲ್ಲ.’